ಹೂವಿನ ಹಾರದ ಕೆಳಗಿನ ಸಂದು

ಹುಚ್ಚು ಹಿಡಿಯಲು ನಾಯಿಯೇ ಕಚ್ಚಬೇಕೆಂದೇನಿಲ್ಲ, ಮೊಬೈಲಿಗೆ ಒಂದು ಫೋಟೊ ಬಂದರೂ ಸಾಕು. ಚನ್ನಪಟ್ಟಣದಲ್ಲಿ ಶಾಮಿಯಾನ ಅಂಗಡಿ ಇಟ್ಟುಕೊಂಡಿರುವ ಬಸವಕುಮಾರನಿಗೆ ಹಾಗೇ ಆಯಿತು.

ಫೋಟೊದಲ್ಲಿ ಇದ್ದದ್ದು ಕೆಂಪು ಕಾರು. ಬಾಗಿಲು ಎರಡೇ. ತಲೆ ತಗ್ಗು, ಬೆನ್ನು ಇಳಿಜಾರು, ನೆಲಕ್ಕೆ ಅಂಟಿಕೊಂಡಂತೆ ಕೂತಿತ್ತು. ಇಂಥ ಸ್ಪೋರ್ಟ್ಸ್ ಕಾರಿಗೆ ಕೂಪೆ ಅನ್ನುತ್ತಾರಂತೆ. ಹೊಸದನ್ನು ನಮ್ಮ ನಿಮ್ಮಂಥವರು ದೂರದಿಂದ ನೋಡಿ ಕೈ ಮುಗಿಯಬೇಕು, ಅಷ್ಟೆ. ಇದು ಹತ್ತು ವರ್ಷ ಹಳೆಯದು. ಕನಕಪುರದ ಹೊರಗೆ ಮನೋಹರ್ ಎಂಬ ದಲ್ಲಾಳಿಯ ಶೆಡ್ಡಿನಲ್ಲಿ ಮಾರಾಟಕ್ಕೆ ನಿಂತಿತ್ತು.

"ಮದ್ವೆ ಆಗೋ ಹುಡ್ಗ ಹುಡ್ಗೀನ ಇದ್ರಲ್ಲಿ ಕೂರ್ಸಿ ಸಾವನದುರ್ಗದ ಕೆಳಗೆ ಫೋಟೊ ತೆಗೆಸದು ಕಣೆ" ಅಂತ ಬಸವಕುಮಾರ್ ಹೆಂಡತಿಗೆ ಹೇಳಿದ. "ಶಾಮಿಯಾನದ ಜೊತೆಗೆ ಕಾರೂ ಬಾಡಿಗೆಗೆ ಹೋಯ್ತದೆ. ಮಿಕ್ಕಿದ್ ದಿನ ನಮ್ ಚೈತ್ರಾ ಮುಂದಿನ ಸೀಟಲ್ಲಿ ಮಹಾರಾಣಿ ತರ ಕೂತ್ಕತಾಳೆ."

ಆರು ವರ್ಷದ ಚೈತ್ರಾ ಚಪ್ಪಾಳೆ ತಟ್ಟಿದಳು. ಅವಳ ಅಜ್ಜಿ ಚನ್ನಬಸಮ್ಮ ಮಗನ ಕೆನ್ನೆ ಸವರಿದರು. ಹೆಂಡತಿ ನೇತ್ರಾ ಮಾತ್ರ ಫೋಟೊವನ್ನು ಹಿಗ್ಗಿಸಿ ನೋಡಿದಳು.

"ಹಳೇ ಗಾಡಿ ಅಲ್ವೇನ್ರಿ? ಯಾರಾದ್ರೂ ತಿಳಿದೋರು ಒಂದ್ಸಲ ನೋಡ್ಲಿ."

"ನೀನೊಬ್ಳು ಅಂಜುಬುರುಕಿ! ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕಳಕ್ಕೂ ಹೆದರ್ತೀಯ."

ಮನೆಯಲ್ಲಿ ನೇತ್ರಾಳಿಗೆ ಅದೇ ಹೆಸರು ಕಾಯಂ ಆಗಿತ್ತು. ಆದರೆ ಅವಳೇನು ಹುಟ್ಟುತ್ತಲೇ ಅಂಜುಬುರುಕಿಯಲ್ಲ. ಬೊಂಬೆ ಮಾಡುವ ಘಟಕದಲ್ಲಿ ಅವಳು ಹತ್ತು ವರ್ಷದಿಂದ ಕೆಲಸಕ್ಕಿದ್ದಾಳೆ. ಲೇತಿನಲ್ಲಿ ಹಾಲೆಮರದ ತುಂಡು ಗಿರಗಿರನೆ ತಿರುಗುವಾಗ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾಳೆ, ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿಯಿಂದ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ನಾಲ್ಕು ವರ್ಷದ ಹಿಂದೆ ಒಂದು ಗಿಲಕಿ ಸೀಳು ಬಿಟ್ಟಿತ್ತು. ಮಾರುವಂತಿರಲಿಲ್ಲ. ಬಿಸಾಡಲು ಮನಸ್ಸು ಬಾರದೆ ಅವಳು ಸೀಳಿಗೆ ಮರದ ಪುಡಿ, ಗೋಂದು ತುಂಬಿ, ಮೇಲೆ ಕೆಂಪು ಅರಗು ಬಳಿದು ಮಗಳಿಗೆಂದೇ ಮನೆಗೆ ತಂದಳು. ಎಷ್ಟು ಚೆಂದ ಹೊಳೆಯಿತು ಅದು! ಮೂರನೆಯ ದಿನ ಚೈತ್ರಾ ಕಚ್ಚಿದಳು. ಗಿಲಕಿ ಅದೇ ಸೀಳಿನಲ್ಲಿ ಮುರಿದು ಚೂರು ಗಂಟಲಿಗೆ ಸಿಕ್ಕಿಕೊಂಡಿತು. ಮಗು ನೀಲಿಗಟ್ಟಿತು. ಬೋರಲು ಹಾಕಿ ಬೆನ್ನಿಗೆ ಬಡಿದ ಮೇಲೆ ಚೂರು ಹೊರಗೆ ಬಿತ್ತು, ಉಸಿರು ಬಂತು.

ಅವತ್ತಿನಿಂದ ಹೊಳೆಯುವ ವಸ್ತು ಯಾವುದೇ ಕಂಡರೂ ನೇತ್ರಾ ಮೊದಲು ಉಗುರಿನಿಂದ ತಟ್ಟಿ ನೋಡುತ್ತಾಳೆ. ಇದನ್ನು ಅಂಜಿಕೆ ಅನ್ನುವವರು ಅಂದುಕೊಳ್ಳಲಿ.

ಘಟಕದ ಪಕ್ಕದಲ್ಲೇ ಸಮದನ ಗ್ಯಾರೇಜು. ಗುದ್ದಿಸಿಕೊಂಡು ಬಂದ ಕಾರುಗಳ ತಗಡು ತಟ್ಟಿ ಬಣ್ಣ ಹೊಡೆಯುವುದು ಅವನ ಕಸುಬು. ಟೀ ಹೊತ್ತಿಗೆ ನೇತ್ರಾ ಅವನ ಮುಂದೆ ತನ್ನ ದಿಗಿಲು ಹೇಳಿಕೊಂಡಳು. ಅವನು ನಗಲಿಲ್ಲ.

"ಹೆದ್ರದು ಒಳ್ಳೇದೇ ಅಕ್ಕ. ಕೂಪೆ ತಗಂಡೋರು ಮೆಲ್ಲಗೆ ಓಡ್ಸಕ್ಕೆ ತಗಂಡಿರಾಕಿಲ್ಲ. ಎಳ್ದಿರ್ತಾರೆ, ಎಲ್ಲಾದ್ರೂ ಗುದ್ದಿರ್ತಾರೆ. ಆಮೇಲೆ ನಮ್ಮಂಥೋರು ಬಣ್ಣ ಬಳ್ದಿರ್ತೀವಿ. ಬಳಿಯೋನೇ ಹೇಳ್ತಾವ್ನೆ, ಕೇಳಿ."

"ನನ್ ಕಣ್ಣಿಗೆ ಏನ್ ಗೊತ್ತಾಯ್ತದೆ ಸಮದ್?"

"ಬಣ್ಣದ ಕೆಲಸ ನಿಮ್ಗೆ ನಾನು ಹೇಳ್ಕೊಡ್ಬೇಕಾ? ಹಗಲೊತ್ತಲ್ಲಿ ಹೋಗಿ. ತೊಳ್ದು ಒದ್ದೆ ನಿಲ್ಸಿದ್ರೆ ಒರೆಸಿ ಅನ್ನಿ, ನೀರಿದ್ರೆ ಎಲ್ಲಾ ಬಣ್ಣನೂ ಒಂದೇ ತರ ಹೊಳೀತದೆ. ಹೋದೇಟ್ಗೆ ಬಾನೆಟ್ ಮ್ಯಾಲೆ ಕೈ ಇಡಿ. ತಣ್ಣಗಿರ್ಬೇಕು. ತಣ್ಣಗಿರೋ ಇಂಜಿನ್ನು ಮೊದಲ್ನೇ ಸಲ ಸ್ಟಾರ್ಟ್ ಆಗೋವಾಗ್ಲೇ ಅದ್ರ ಕಾಯಿಲೆ ಗೊತ್ತಾಗದು. ಹೊಗೆ ಎಷ್ಟು, ಸದ್ದು ಎಂಥದು ಅಂತ."

"ಆಮೇಲೆ?"

"ಕೀ ತಿರುಗ್ಸಿದಾಗ ಏರ್‌ಬ್ಯಾಗಿನ ದೀಪ ಹತ್ಬೇಕು, ಒಸಿ ಹೊತ್ತಿಗೆ ಆರ್ಬೇಕು. ಆರ್ದೆ ಉರೀತಿದ್ರೆ ತಪ್ಪು. ಹತ್ತದೇ ಇಲ್ಲ ಅಂದ್ರೆ ಇನ್ನೂ ದೊಡ್ಡ ತಪ್ಪು."

"ಅದ್ಯಾಕೆ?"

"ಹತ್ತದಂಗೆ ಯಾರೋ ಮಾಡಿಟ್ಟಿರ್ಬೋದು ಅಂತ." ಸಮದ್ ಲೋಟ ಕೆಳಗಿಟ್ಟ. "ಸೀಟ್ ಬೆಲ್ಟ್ ಕೊನೇ ತನಕ ಎಳ್ದು ನೋಡಿ. ಜನ ಒಂದ್ ಗೇಣು ಎಳ್ದು ಬುಟ್ಬುಡ್ತಾರೆ. ನಾನೇ ಬತ್ತೀನಿ, ಭಾನುವಾರ ಹೋಗಾನ."

ಆದರೆ ಬಸವಕುಮಾರನದು ಭಾನುವಾರದವರೆಗೆ ಕಾಯುವ ಜೀವವೇ? ಗುರುವಾರ ಸಂಜೆ ಮನೋಹರನ ಫೋನು ಬಂತು. ಗಾಡಿ ಒಂದು ವಾರದಿಂದ ಶೆಡ್ಡಿನಿಂದ ಎತ್ತಿಲ್ಲ, ನಿಮಗೋಸ್ಕರ ಹಾಗೇ ಇಟ್ಟಿದ್ದೀನಿ, ನಾಳೆ ಇನ್ನೊಂದು ಪಾರ್ಟಿ ಬರುತ್ತದೆ, ರಾಹುಕಾಲಕ್ಕೆ ಮುಂಚೆ ಬಂದರೆ ನಿಮ್ಮದು ಅಂದ. ಶುಕ್ರವಾರ ರಾಹುಕಾಲ ಹತ್ತೂವರೆಗೆ ಶುರು. ಬಸವಕುಮಾರ್ ಕೋಳಿ ಕೂಗುವ ಮೊದಲೇ ಎದ್ದು ಸ್ನಾನ ಮಾಡಿದ. ನೇತ್ರಾ, ಚನ್ನಬಸಮ್ಮ ಜೊತೆಗೆ ಹೊರಟರು. ಶಾಲೆಗೆ ರಜೆ ಇತ್ತು, ಚೈತ್ರಾಳೂ ಹೊರಟಳು. ಹೋಗುವಾಗ ಬಸ್ಸು, ಬರುವಾಗ ಕಾರು ಅಂತ ತೀರ್ಮಾನ.

ಸಾತನೂರು ದಾಟುವವರೆಗೂ ನೇತ್ರಾ ಮಗಳ ಕೈ ಬಿಡಲಿಲ್ಲ. "ಅವ್ವ, ಕೈ ನೋಯ್ತದೆ" ಅಂದಾಗಲೇ ಎಷ್ಟು ಗಟ್ಟಿಯಾಗಿ ಹಿಡಿದಿದ್ದೇನೆ ಎಂದು ಅವಳಿಗೆ ತಿಳಿದದ್ದು.

ಶೆಡ್ಡಿನ ಬಾಗಿಲಲ್ಲಿ ಚನ್ನಬಸಮ್ಮ ನಿಂತಲ್ಲೇ ಕೈ ಮುಗಿದುಬಿಟ್ಟರು. ಕಾರಿನ ಮೂತಿಯ ಉದ್ದಕ್ಕೂ ದಪ್ಪನೆ ಚೆಂಡು ಹೂವಿನ ಹಾರ. ಗಾಜಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು. ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು.

"ಶುಕ್ರವಾರ ಅಲ್ವಾ ಅಮ್ಮಾ, ನಾನೇ ಪೂಜೆ ಮಾಡ್ಸಿಟ್ಟಿದೀನಿ" ಅಂದ ಮನೋಹರ್. "ನಿಂಬೆಹಣ್ಣಿನ ಮೇಲೆ ಹತ್ಸಿ ಹೊರಟುಬಿಡಿ. ಉಳಿದಿದ್ದೆಲ್ಲ ಆಮೇಲೆ ಮಾತಾಡೋಣ."

"ನೋಡ್ಲಾ, ಎಂಥಾ ಒಳ್ಳೇ ಮನುಸ" ಅಂದರು ಚನ್ನಬಸಮ್ಮ.

ನೋಡಿ, ನಾವು ಎಡವುವುದೇ ಇಲ್ಲಿ. ಪೂಜೆ ಆದ ವಸ್ತುವನ್ನು ಯಾರು ಕೆದಕಿ ನೋಡುತ್ತಾರೆ? ಸಂತೆಯಲ್ಲಿ ಒಂದು ಬದನೆಕಾಯಿಯನ್ನು ನಾಲ್ಕು ಸಲ ತಿರುಗಿಸಿ ನೋಡುವ ಜನ, ಕುಂಕುಮ ಕಂಡ ತಕ್ಷಣ ಕೈ ಕಟ್ಟಿ ನಿಂತುಬಿಡುತ್ತೇವೆ.

ನೇತ್ರಾ ಹೂವು ಇಲ್ಲದ ಕಡೆ ಮೆಲ್ಲಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಶೆಡ್ಡಿನೊಳಗೆ ಬಿಸಿಲು ಬಿದ್ದಿರಲಿಲ್ಲ.

"ವಾರದಿಂದ ಎತ್ತಿಲ್ಲ ಅಂದ್ರಲ್ಲ ಅಣ್ಣ?"

"ಈಗ ಪೂಜೆಗೆ ಅಂತ ಹಿಂದೆ ಮುಂದೆ ಮಾಡ್ದೆ ಮೇಡಂ."

ಅವಳು ಮುಂದೆ ಕೇಳಲಿಲ್ಲ. ಬಾಗಿ ಕೂತು ಕಾರಿನ ಪಕ್ಕೆಯ ಉದ್ದಕ್ಕೂ ಓರೆಯಾಗಿ ಕಣ್ಣು ಹಾಯಿಸಿದಳು. ಬಾಗಿಲ ಮೇಲೆ ಬೆಳಕು ನೆಟ್ಟಗೆ ಹರಿದಿತ್ತು. ಮುಂದಿನ ಚಕ್ರದ ಮೇಲ್ಗಡೆ ಬಂದಾಗ ಅಲುಗಿದ ನೀರಿನಂತೆ ಸುಕ್ಕುಗಟ್ಟಿತು. ಉಗುರಿನಿಂದ ತಟ್ಟಿದಳು. ಬಾಗಿಲು ಠಣ್ ಅಂದಿತು, ಚಕ್ರದ ಮೇಲಿನ ತಗಡು ದಪ್ ಅಂದಿತು. ಗಿಲಕಿಗೆ ತುಂಬಿದ ಮರದ ಪುಡಿಯ ಸದ್ದೂ ಅದೇ ಆಗಿತ್ತು.

ಬಾಗಿಲು ತೆರೆದು ಅಂಚಿನ ರಬ್ಬರನ್ನು ಒಂದಿಷ್ಟು ಸರಿಸಿದಳು. ಕೆಂಪು ಅಲ್ಲಿಗೆ ಮುಗಿದಿತ್ತು. ಕೆಳಗೆ ಇದ್ದದ್ದು ಬೂದು ಬಣ್ಣ.

"ರೀ, ಇವ್ರು ಕಳ್ಸಿದ ಆರ್‌ಸಿ ಫೋಟೊ ನೋಡಿ. ಬಣ್ಣ ಏನಂತ ಐತೆ?"

ಬಸವಕುಮಾರ್ ಮೊಬೈಲು ನೋಡಿ, "ಬೂದು" ಅಂದ. ಆಮೇಲೆ ತಾನೇ ಸಮಾಧಾನ ಹೇಳಿಕೊಂಡ. "ಬಣ್ಣ ಬದಲಾಯಿಸವ್ರೆ, ಅದ್ರಲ್ಲೇನೈತೆ?"

"ಸ್ಪೋರ್ಟ್ಸ್ ಕಾರು ಅಂದ್ರೆ ಎಲ್ರೂ ಕೆಂಪೇ ಕೇಳ್ತಾರೆ ಸಾರ್. ಆರ್‌ಸಿಲಿ ಮುಂದಿನ ವಾರ ಬರೆಸ್ಕೊಡ್ತೀನಿ. ಟೈಮ್ ನೋಡಿ, ಹತ್ತು ಕಾಲಾಯ್ತು."

ಅಷ್ಟು ಸಾಕಾಯಿತು. ಬಸವಕುಮಾರ್ ಒಳಗೆ ಕೂತ. ಚೈತ್ರಾ ಎಲ್ಲಿದ್ದಳೋ ಓಡಿ ಬಂದು ಪಕ್ಕದ ಸೀಟಿಗೆ ಹತ್ತಿದಳು. ಅವನೇ ಮಗಳಿಗೆ ಬೆಲ್ಟು ಹಾಕಿ ಕೀ ತಿರುಗಿಸಿದ. ನೇತ್ರಾ ಕಿಟಕಿಯಿಂದ ತಲೆ ತೂರಿಸಿ ನೋಡಿದಳು. ಎಣ್ಣೆಯ ದೀಪ ಹತ್ತಿತು, ಬ್ಯಾಟರಿಯ ದೀಪ ಹತ್ತಿತು. ಏರ್‌ಬ್ಯಾಗಿನದು ಹತ್ತಲಿಲ್ಲ.

"ಇನ್ನೊಂದ್ಸಲ ತಿರುಗ್ಸಿ."

ಎರಡನೆಯ ಸಲವೂ ಹತ್ತಲಿಲ್ಲ. ಅವಳು ಸಮದನಿಗೆ ಫೋನು ಮಾಡಿದಳು.

"ದೀಪ ಹತ್ಲೇ ಇಲ್ಲ ಕಣೋ."

"ಮಗು ಎಲ್ಲೈತೆ ಅಕ್ಕ?"

"ಮುಂದಿನ ಸೀಟಲ್ಲಿ."

"ಮೊದ್ಲು ಮಗೀನ ಕೆಳಕ್ಕಿಳಿಸಿ. ಮಿಕ್ಕಿದ್ ಮಾತು ಆಮೇಲೆ."

ಅಷ್ಟರಲ್ಲಿ ಇಂಜಿನ್ನು ಗುರ್ರೆಂದಿತು. ಬಸವಕುಮಾರ್ ಕಿಟಕಿ ಏರಿಸುತ್ತಿದ್ದ. ಹೇಗೆ ಬಂದಳೋ ನೇತ್ರಾಳಿಗೇ ಗೊತ್ತಿಲ್ಲ, ಕಾರಿನ ಮುಂದೆ ನಿಂತಿದ್ದಳು.

"ಅವ್ಳನ್ನ ಇಳ್ಸಿ! ಇಲ್ಲಾಂದ್ರೆ ನಿಂಬೆಹಣ್ಣಿನ ಜೊತೆ ನನ್ ಮ್ಯಾಲೂ ಹತ್ಸಿ!"

"ಶುಕ್ರವಾರದ ಹೊತ್ತು ಎಂಥಾ ಮಾತಾಡ್ತೀಯೆ, ಬಾಯಿಗೆ ಮಣ್ಣಾಕ!" ಚನ್ನಬಸಮ್ಮ ಕೂಗಿದರು. "ಲೋ ಬಸವ, ಆಫ್ ಮಾಡ್ಲಾ ಅದನ್ನ!"

ಇಂಜಿನ್ನು ನಿಂತಿತು. ಬಸವಕುಮಾರ್ ಹೆಂಡತಿಯ ಮುಖ ನೋಡಿದ. ಚೈತ್ರಾಳ ಬೆಲ್ಟು ಬಿಚ್ಚಿದ. ಬಿಚ್ಚಿದ ಬೆಲ್ಟು ಸರ್ರನೆ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ, ಜೋತುಬಿತ್ತು. ನೇತ್ರಾ ಮಗಳನ್ನು ಸೊಂಟಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬೆಲ್ಟನ್ನು ಎಳೆದಳು. ಎಳೆದಷ್ಟೂ ಬಂತು. ಕೊನೆಯ ಹತ್ತಿರ ಒಂದು ಗೇಣಿನಷ್ಟು ಕಡೆ ಬಟ್ಟೆ ಇಸ್ತ್ರಿಪೆಟ್ಟಿಗೆ ತಾಗಿದಂತೆ ಮಿರುಗುತ್ತಿತ್ತು, ಅಂಚಿನ ಎಳೆ ಬಿಚ್ಚಿತ್ತು. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಕಂಡದ್ದನ್ನು ಹೇಳಿದಳು.

"ಗಾಡಿ ಜೋರಾಗಿ ಗುದ್ದಿದಾಗ ಆ ಬೆಲ್ಟು ಒಬ್ಬ ಮನುಸನ್ನ ತಡ್ದು ಹಿಡ್ದೈತೆ ಅಕ್ಕ. ಅದ್ರ ಗುರ್ತು ಅದು" ಅಂದ ಸಮದ್. "ಒಂದ್ಸಲ ಹಂಗೆ ಎಳೆದುಕೊಂಡ ಬೆಲ್ಟು ಇನ್ನೊಂದ್ಸಲ ತಡೀತದೆ ಅಂತ ನಂಬಂಗಿಲ್ಲ. ಏರ್‌ಬ್ಯಾಗೂ ಅವತ್ತೇ ಸಿಡಿದಿರ್ಬೇಕು. ಹೊಸದು ಹಾಕ್ದೆ ಮುಚ್ಬುಟ್ಟು, ದೀಪದ ತಂತಿ ಕಿತ್ತವ್ರೋ ಏನೋ."

ನೇತ್ರಾ ಮನೋಹರನ ಕಡೆ ತಿರುಗಿದಳು.

"ಈ ಸೀಟಲ್ಲಿ ಯಾರು ಕೂತಿದ್ರು?"

ಅವನು ತನ್ನ ಮೊಬೈಲು ನೋಡಿಕೊಂಡ.

"ಮಾತಾಡಪ್ಪ" ಅಂದರು ಚನ್ನಬಸಮ್ಮ. ದನಿ ಇಳಿದುಹೋಗಿತ್ತು. "ಯಾರು ಕೂತಿದ್ರು? ಅವ್ರು ಬದುಕವ್ರಾ?"

"ನಂಗೇನ್ ಗೊತ್ತು ಅಮ್ಮಾ. ನಂಗೆ ಬಂದಾಗ ಗಾಡಿ ಹಿಂಗೇ ಇತ್ತು."

"ಅಕ್ಕ, ಬಾನೆಟ್ಟಿಗೂ ಮುಂದಿನ ದೀಪಕ್ಕೂ ನಡುವಿನ ಸಂದು ನೋಡಿ" ಅಂತ ಫೋನಿನಲ್ಲಿ ಸಮದ್ ಹೇಳಿದ. "ಎರಡೂ ಕಡೆ ಒಂದೇ ಸಮ ಐತಾ?"

"ಅಲ್ಲಿ ಹಾರ ಐತೆ ಕಣೋ."

"ಪೂಜೆ ಹೂವಿನ ವಿಚಾರ ನಾನು ಹೇಳಾಕಿಲ್ಲ ಅಕ್ಕ. ಮನೆ ದೊಡ್ಡೋರ್ನ ಕೇಳಿ."

"ಪೂಜೆ ಆದ ಹಾರ ತೆಗೆದ್ರೆ ಅಪಶಕುನ ಅಮ್ಮಾ" ಅಂತ ಮನೋಹರ್ ಮುಂದೆ ಬಂದ. "ಮಗು ಬೇರೆ ಇದೆ, ನೋಡ್ಕೊಳಿ."

ಆ ಮಾತು ಹೇಳಬಾರದಿತ್ತು ಅವನು. ಚನ್ನಬಸಮ್ಮ ಸೆರಗು ಸಿಕ್ಕಿಸಿಕೊಂಡು ಕಾರಿನ ಹತ್ತಿರ ಹೋದರು.

"ಅರವತ್ತು ವರ್ಷದಿಂದ ಲಿಂಗಪೂಜೆ ಮಾಡ್ತಾ ಇರೋಳು ನಾನು. ದಿನಾ ಬೆಳಗ್ಗೆ ನಿನ್ನೆ ಹೂವ ತೆಗೆದೇ ಇವತ್ತಿಂದು ಏರ್ಸದು. ಹೂವ ಯಾವಾಗ ತೆಗೀಬೇಕು ಅಂತ ನೀನು ನಂಗೆ ಹೇಳ್ಕೊಡ್ಬ್ಯಾಡ."

ಎರಡೂ ಕೈಯಿಂದ ಹಾರ ಎತ್ತಿ, ಕಣ್ಣಿಗೊತ್ತಿಕೊಂಡು, ಶೆಡ್ಡಿನ ಗೂಟಕ್ಕೆ ನೇತು ಹಾಕಿದರು.

ಎಡಗಡೆಯ ಸಂದಿನಲ್ಲಿ ಉಗುರು ಹೋಗುವಷ್ಟು ಜಾಗವಿತ್ತು. ಬಲಗಡೆ ಬಸವಕುಮಾರ್ ತಾನೇ ಬೆರಳಿಟ್ಟ. ಬೆರಳು ಒಳಗೆ ಹೋಯಿತು. ಅವನು ಬಾನೆಟ್ಟು ಎತ್ತಿದ. ಬೋಲ್ಟುಗಳ ಮೇಲಿನ ಬಣ್ಣವನ್ನು ಸ್ಪ್ಯಾನರು ಕೆತ್ತಿತ್ತು. ಅದರ ಕೆಳಗೆ, ಇಡೀ ಕಾರಿನ ಭಾರ ಹೊರುವ ಕಬ್ಬಿಣದ ಪಟ್ಟಿ ಒಂದು ಕಡೆ ಮಡಿಸಿ ಬಿಚ್ಚಿದ ಕಾಗದದಂತಿತ್ತು. ಮಡಿಕೆಯ ಮೇಲೆ ವೆಲ್ಡಿಂಗಿನ ಗಂಟು ಗಂಟು.

ಕಾರಿನ ವಿಚಾರ ಬಸವಕುಮಾರನಿಗೆ ಗೊತ್ತಿಲ್ಲದಿರಬಹುದು. ಕಂಬದ ವಿಚಾರ ಗೊತ್ತಿತ್ತು.

"ನೇತ್ರಾ, ಬಗ್ಗಿದ ಕಂಬ ತಟ್ಟಿ ನೆಟ್ಟಗೆ ಮಾಡ್ದ್ರೂ ಜನ ಕೂರೋ ಶಾಮಿಯಾನಕ್ಕೆ ನಾನು ಹಾಕಾಕಿಲ್ಲ ಕಣೆ" ಅಂದ. "ಮತ್ತೆ ಅಲ್ಲೇ ಮುರೀತದೆ ಅದು." ಮಗಳ ಕಡೆ ತಿರುಗಿ, "ನಾನೇ ಕೂರ್ಸ್ದೆ ಅವ್ಳನ್ನ. ನನ್ ಕೈಯಾರೆ ಬೆಲ್ಟ್ ಹಾಕ್ದೆ" ಅಂದ.

"ನಾನು ಹೇಳಿದ್ದೇ ಸರಿ ಅಂತ ಇಟ್ಕಬ್ಯಾಡಿ ಅಣ್ಣ" ಅಂತ ಸಮದ್ ಫೋನಿನಿಂದ ಹೇಳಿದ. "ಯಾವ್ದಾದ್ರೂ ಗ್ಯಾರೇಜಿಗೆ ತಗಂಡೋಗಿ ಲಿಫ್ಟಿಗೆ ಏರ್ಸಿ ಕೆಳಗಿಂದ ನೋಡ್ಸಾನ. ಸರಿ ಇದ್ರೆ ಮಾರೋರಿಗೂ ಒಳ್ಳೇದೇ ಅಲ್ವಾ?"

"ನನ್ ಗಾಡಿ ಎಲ್ಲೂ ಕಳ್ಸಲ್ಲ!" ಮನೋಹರನ ನಯ ಮಂಗಮಾಯವಾಯಿತು. "ಬೇಕಿದ್ರೆ ತಗೊಳಿ, ಬ್ಯಾಡಾದ್ರೆ ದಾರಿ ಬಿಡಿ. ತಗೊಳೋರು ಬರ್ತಾ ಇದಾರೆ."

ಬಸವಕುಮಾರ್ ಕೀಯನ್ನು ಬಾನೆಟ್ಟಿನ ಮೇಲಿಟ್ಟು ಮಗಳನ್ನು ಎತ್ತಿಕೊಂಡ.

ಕಥೆ ಇಲ್ಲಿಗೇ ಮುಗಿದಿದ್ದರೆ ನೆಮ್ಮದಿಯಾಗಿ ಮಲಗಬಹುದಿತ್ತು. ಬಸ್ಸಿಗೆಂದು ರಸ್ತೆ ಬದಿ ನಿಂತಿದ್ದಾಗ ಒಂದು ಬೈಕು ಬಂದು ಶೆಡ್ಡಿನ ಮುಂದೆ ನಿಂತಿತು. ಇನ್ನೊಂದು ಪಾರ್ಟಿ ಅಂದದ್ದು ಸುಳ್ಳಲ್ಲ. ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಹೆಂಡತಿಗೆ ಏಳೆಂಟು ತಿಂಗಳ ಬಸಿರು. ಒಳಗೆ ಮನೋಹರ್ ಗೂಟದಿಂದ ಹಾರ ತೆಗೆದು ಮತ್ತೆ ಕಾರಿಗೆ ಹಾಕುತ್ತಿದ್ದ.

ನೇತ್ರಾ ಓಡಿಹೋಗಿ ಆ ಹೆಣ್ಣುಮಗಳ ಕೈ ಹಿಡಿದಳು. "ತಂಗೀ, ಆ ಹಾರ ಎತ್ತಿ ನೋಡವ್ವ. ಬೆಲ್ಟ್ ಪೂರ್ತಿ ಎಳ್ದು ನೋಡು. ಗುದ್ದಿರೋ ಗಾಡಿ ಅದು."

ಆ ಹುಡುಗಿ ಒಳಗೆ ಇಣುಕಿ ನೋಡಿದಳು. "ಪೂಜೆ ಆಗಿರೋ ಗಾಡಿ ಅಲ್ವಾ ಅಕ್ಕಾ?" ಅಂತ ನಕ್ಕಳು. ಗಂಡ ಆಗಲೇ ಒಳಗೆ ಕೂತು ಹಾರ್ನ್ ಒತ್ತುತ್ತಿದ್ದ. ಬಸವಕುಮಾರ್ ಹೋಗಿ ಹೇಳಿದ, ಬೇಡಿಕೊಂಡ. ಮನೋಹರ್ ಬಸವಕುಮಾರನನ್ನೂ ನೇತ್ರಾಳನ್ನೂ ಹೊರಗೆ ತಳ್ಳಿ ಗೇಟು ಎಳೆದುಕೊಂಡ.

ಅಲ್ಲಿಂದ ಇವರು ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಗಾಡಿಯ ನಂಬರು ಬರೆದುಕೊಟ್ಟರು. ಪೊಲೀಸರು ಬರುವ ಹೊತ್ತಿಗೆ ಶೆಡ್ಡಿಗೆ ಬೀಗ ಬಿದ್ದಿತ್ತು. ಗೇಟಿನ ಸಂದಿಯಿಂದ ಇಣುಕಿದರೆ ಕಾರು ಇರಲಿಲ್ಲ, ನೆಲದ ಮೇಲೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿದ್ದವು. ಮನೆಗೆ ಬರುವಾಗ ಬಸ್ಸಿನಲ್ಲಿ ಚೈತ್ರಾ ನಿದ್ದೆ ಹೋದಳು. ಬಸವಕುಮಾರ್ ಅವಳ ಎದೆಗೆ ಅಡ್ಡ ಕೈ ಇಟ್ಟು ಚನ್ನಪಟ್ಟಣ ಬರುವವರೆಗೂ ತೆಗೆಯಲಿಲ್ಲ. ಆಮೇಲೆ ಅವನ ಬಾಯಲ್ಲಿ ಅಂಜುಬುರುಕಿ ಎಂಬ ಮಾತು ಯಾರೂ ಕೇಳಿಲ್ಲ.

ಆ ಕಾರು ಈಗ ಎಲ್ಲಿದೆಯೋ ಯಾರಿಗೂ ತಿಳಿಯದು. ಮಾಗಡಿಯ ಕಡೆ ಇರಬಹುದು, ನಿಮ್ಮ ಬೀದಿಯ ತಿರುವಿನಲ್ಲೇ ಇರಬಹುದು. ಕೆಂಪು ಹೋಗಿ ಬಿಳಿಯೋ ನೀಲಿಯೋ ಆಗಿರಬಹುದು.

ಅದಕ್ಕೇ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ನಿಮ್ಮ ಕೈ ಹಿಡಿದು ಕೇಳುತ್ತೇವೆ. ಹಳೆಯ ಕಾರು, ಅದರಲ್ಲೂ ವೇಗದ ಕಾರು ನೋಡಲು ಹೋದಾಗ ಒಬ್ಬ ನಂಬಿಕಸ್ಥ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ. ಇಂಜಿನ್ನು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಆರ್‌ಸಿಯಲ್ಲಿರುವ ಬಣ್ಣ, ಚಾಸಿ ನಂಬರು, ಇಂಜಿನ್ ನಂಬರನ್ನು ಗಾಡಿಯ ಜೊತೆ ಒಂದೊಂದಾಗಿ ಹೋಲಿಸಿ. ಟೈರು ಒಂದೇ ಕಡೆ ಸವೆದಿದೆಯೇ, ಬ್ರೇಕು ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆಯೇ ಎಂದು ನೋಡಿ. ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡಲು ಬಿಡದವನ ಹತ್ತಿರ ವ್ಯಾಪಾರವೇ ಬೇಡ. ಇದೆಲ್ಲ ಆದ ಮೇಲೆ ಪೂಜೆಯನ್ನು ನಿಮ್ಮ ಮನೆಯ ಮುಂದೆ ನೀವೇ ಮಾಡಿ, ದೇವರು ಕಾಯುತ್ತಾನೆ.

ಎದೆ ಡವಡವ ಅಂದರೆ ಅನ್ನಲಿ, ನಗುವವರು ನಗಲಿ. ಹಾರ ಎತ್ತಿ ನೋಡಿ. ಬೆಲ್ಟು ಕೊನೆಯವರೆಗೆ ಎಳೆದು ನೋಡಿ. ನಿಮ್ಮ ಮಗು ಆಮೇಲೆ ಕೂರಲಿ.